ಚೊಗರಿನ ಕಲೆ: ನೂಲಿಗೆ ಬಣ್ಣವಾಗುವ ನಮ್ಮ ಅಡಿಕೆ

ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಬೆಳೆಗಾರರ ಮನೆಯಲ್ಲಿ ಒಳ್ಳೆಯ ಪಂಚೆ ಉಟ್ಟು ಅಂಗಳಕ್ಕೆ ಇಳಿಯುವವರಿಲ್ಲ. ಸುಲಿಯುವವರ ಬೆರಳು ಕಪ್ಪು, ಬೇಯಿಸುವವರ ಅಂಗಿ ಕೆಂಪು. ಒಮ್ಮೆ ಹತ್ತಿದ ಚೊಗರು ಸೀಗೆಗೂ ಜಗ್ಗದು, ಸಾಬೂನಿಗೂ ಜಗ್ಗದು. ಈ ಕಲೆಯನ್ನು ತೊಳೆಯುವುದರಲ್ಲೇ ನಮ್ಮ ಮನೆಯ ಹೆಂಗಸರ ರಟ್ಟೆ ಸೋತಿದೆ. ಆದರೆ ಇಷ್ಟು ಗಟ್ಟಿಯಾಗಿ ಹಿಡಿಯುವ ವಸ್ತುವನ್ನು ಬೇಕೆಂದೇ ನೂಲಿಗೆ ಹಿಡಿಸಿದರೆ ಅದು ಕಲೆಯಲ್ಲ, ಬಣ್ಣ. ಈ ವಿಚಾರವನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ನೀರೇ ಚೊಗರು; ಕೆಲವೆಡೆ ತೊಗರು ಎನ್ನುತ್ತಾರೆ. ಒಂದರ ಮೇಲೊಂದು ಹಂಡೆ ಬೇಯಿಸಿದಂತೆ ಅದು ಮಂದವಾಗುತ್ತದೆ. ಮಂದ ಚೊಗರನ್ನು ಕಾದಿಟ್ಟು ಮುಂದಿನ ಅಡಿಕೆಗೆ ಹೊಳಪು ಕೊಡಲು ಬಳಸುವುದು ಮಲೆನಾಡಿನ ಹಳೆಯ ವಾಡಿಕೆ. ಕರಾವಳಿಯ ಚಾಲಿ ಅಡಿಕೆಯನ್ನು ಬೇಯಿಸುವ ಪದ್ಧತಿ ಇಲ್ಲವಾದ್ದರಿಂದ ಆ ಕಡೆಯ ಮಿತ್ರರಿಗೆ ಇದರ ಪರಿಚಯ ಕಡಿಮೆ.

ಚೊಗರಿನ ಹಿಡಿತಕ್ಕೆ ಕಾರಣ ಅದರಲ್ಲಿರುವ ಒಗರು, ಅಂದರೆ ಟ್ಯಾನಿನ್. ಹತ್ತಿ ನೂಲು ಬಹಳಷ್ಟು ಸಸ್ಯಜನ್ಯ ಬಣ್ಣಗಳನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಒಗರು ಮಾತ್ರ ಅದಕ್ಕೆ ಅಂಟಿಕೊಳ್ಳುತ್ತದೆ. ಹಳೆಯ ಬಣ್ಣಗಾರರು ಹತ್ತಿಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಿದ್ದುದೂ ಇದಕ್ಕಾಗಿಯೇ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಕಬ್ಬಿಣದ ಕತ್ತಿಗೆ ಹಸಿ ಅಡಿಕೆಯ ರಸ ತಗಲಿದಾಗ ಕಪ್ಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಡಿಕೆಗೆ ಸುಣ್ಣ ಸೇರಿದರೆ ಕೆಂಪು. ಎಲೆಅಡಿಕೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಬಣ್ಣದ ಅರ್ಧ ಶಾಸ್ತ್ರ ನಮಗೆ ಮೊದಲೇ ಗೊತ್ತು. ಗೊತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ವಿದ್ಯೆ ಹೋದ ಬಗೆ, ಮರಳಿದ ಬಗೆ

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಯುವಕ ಕಲ್ಲಿದ್ದಲಿನ ಟಾರಿನಿಂದ ಪಡೆದ ವಸ್ತುವಿನಿಂದ ನೇರಳೆ ಬಣ್ಣ ತಯಾರಿಸಿದ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಅಗ್ಗದ ಪುಡಿಬಣ್ಣಗಳು ಹಳ್ಳಿಹಳ್ಳಿಗೆ ಬಂದ ಮೇಲೆ ತೊಗಟೆ, ಕಾಯಿ, ಬೇರು ಕುದಿಸುವವರು ವಿರಳರಾದರು. ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುತ್ತಿದ್ದ ವಿದ್ಯೆ ಒಂದೆರಡು ತಲೆಮಾರಿನಲ್ಲೇ ಕೈಬಿಟ್ಟು ಹೋಯಿತು.

ಅದನ್ನು ನಮ್ಮ ಸೀಮೆಯಲ್ಲಿ ಮತ್ತೆ ಎತ್ತಿಕೊಂಡವರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯ 'ಚರಕ' ಮಹಿಳಾ ಸಹಕಾರ ಸಂಘ ಪ್ರಮುಖವಾದುದು. 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಆರಂಭವಾದ ಈ ಸಂಘದಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಬಣ್ಣಗಾರರು, ನೇಕಾರರು, ಹೊಲಿಯುವವರು. ಅಡಿಕೆಯ ಚೊಗರು ಅವರ ಮುಖ್ಯ ಬಣ್ಣಗಳಲ್ಲಿ ಒಂದು. ನೇಯ್ದ ಬಟ್ಟೆ 'ದೇಸಿ' ಅಂಗಡಿಗಳ ಮೂಲಕ ಪೇಟೆಗೆ ಹೋಯಿತು. ದಾರಿ ಹೂವಿನದಾಗಿರಲಿಲ್ಲ. 2020ರ ಕೊರೊನಾ ಕಾಲದಲ್ಲಿ ಮಾರಾಟ ನಿಂತು ಸಂಘ ಬಹಳ ಸಂಕಷ್ಟಕ್ಕೆ ಸಿಲುಕಿತು. ಬಣ್ಣ ಗಟ್ಟಿಯಾಗಿದ್ದರೆ ಸಾಲದು, ಕೊಳ್ಳುವವರೂ ಗಟ್ಟಿಯಾಗಿರಬೇಕು ಎಂಬ ಪಾಠವೂ ಅಲ್ಲಿದೆ.

ಕರಾವಳಿಯಲ್ಲಿ 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅನಂತರ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಕದಿಕೆ ಟ್ರಸ್ಟಿನ ನೆರವಿನಿಂದ ಆ ನೇಯ್ಗೆಯನ್ನು ಮತ್ತೆ ಚಿಗುರಿಸಿತು. ಮಗ್ಗ ಬಿಟ್ಟು ಹೋಗಿದ್ದವರು ಮರಳಿದರು, ಹೊಸಬರು ಕಲಿತರು.

ನಾವು ಕಲಿತದ್ದು

ಕಳೆದ ಕೊಯ್ಲಿನಲ್ಲಿ ನಾವು ನಾಲ್ಕು ಮನೆಯವರು ಸೇರಿ ಇದನ್ನು ಕೈಯಾರೆ ಮಾಡಿ ನೋಡಿದೆವು. ಬಣ್ಣದ ಕೆಲಸದಲ್ಲಿ ಹಲವು ವರ್ಷ ಪಳಗಿದ ಹಿರಿಯಕ್ಕ ಒಬ್ಬರು ಎರಡು ದಿನ ನಮ್ಮಲ್ಲಿ ಉಳಿದು ಹೇಳಿಕೊಟ್ಟರು. ಅವರು ಹೊರಟ ಮೇಲೆ ನಾವು ಮಾಡಿದ ತಪ್ಪುಗಳನ್ನು ಮೊದಲು ಹೇಳುವುದು ಒಳಿತು.

ಮೊದಲನೆಯ ತಪ್ಪು: ಅವಸರಕ್ಕೆ ಹೊಸ ನೂಲನ್ನು ತೊಳೆಯದೆ ಚೊಗರಿಗೆ ಹಾಕಿದೆವು. ಹತ್ತಿಯಲ್ಲಿ ಹುಟ್ಟಿನಿಂದಲೇ ಮೇಣದಂಥ ಜಿಡ್ಡಿರುತ್ತದೆ. ಅದು ಹೋಗದ ಕಡೆ ಬಣ್ಣ ಹಿಡಿಯದೆ ಲಡಿಯೆಲ್ಲ ತೊನ್ನು ಬಿದ್ದಂತಾಯಿತು. ಎರಡನೆಯ ತಪ್ಪು: ಕಪ್ಪು ಇನ್ನಷ್ಟು ಕಪ್ಪಾಗಲಿ ಎಂದು ಅನ್ನಭೇದಿಯನ್ನು ಕಣ್ಣಂದಾಜಿನಲ್ಲಿ ಸುರಿದೆವು. ಬಣ್ಣವೇನೋ ಕಾಗೆಯಂತಾಯಿತು, ತಿಂಗಳು ಕಳೆದು ಮಗ್ಗಕ್ಕೆ ಹೂಡಿದಾಗ ಹಾಸಿನ ಎಳೆಗಳು ಪಟಪಟನೆ ಕಡಿದವು. ಕಬ್ಬಿಣದ ಅಂಶ ಮಿತಿ ಮೀರಿದರೆ ನೂಲು ಲಡ್ಡಾಗುತ್ತದೆ. ನೇಯುವ ತಾಯಿ ಅರ್ಧ ದಿನ ಎಳೆ ಗಂಟು ಹಾಕುತ್ತಾ ಕುಳಿತರು. ನಮ್ಮ ಉಡಾಫೆಗೆ ಅವರ ಕೂಲಿ ಹೋಯಿತು.

ಮಾಡುವ ಕ್ರಮ

1 ಕಿಲೋ ಹತ್ತಿ ನೂಲಿನ ಲಡಿಗೆ ನಾವು ಅನುಸರಿಸಿದ ಕ್ರಮ ಹೀಗಿದೆ:

1. 20 ಲೀಟರ್ ನೀರಿಗೆ 50 ಗ್ರಾಂ ಬಟ್ಟೆ ಸೋಡಾ, ಸ್ವಲ್ಪ ಸಾಬೂನು ಹಾಕಿ ನೂಲನ್ನು ಒಂದು ಗಂಟೆ ಕುದಿಸಿ. ನೀರು ತಿಳಿಯಾಗುವವರೆಗೆ ಜಾಲಿಸಿ. ಒದ್ದೆ ನೂಲನ್ನೇ ಬಣ್ಣಕ್ಕೆ ಹಾಕಬೇಕು.

2. ಮಂದ ಚೊಗರನ್ನು ಬಟ್ಟೆಯಲ್ಲಿ ಸೋಸಿ, 1 ಲೀಟರಿಗೆ 20 ಲೀಟರ್ ನೀರು ಬೆರೆಸಿ. ಚೊಗರಿನ ಮಂದ ಮನೆಮನೆಗೂ ಬೇರೆಯಾದ್ದರಿಂದ ಮೊದಲು ಒಂದು ಹಿಡಿ ನೂಲಿನಲ್ಲಿ ಪರೀಕ್ಷಿಸಿ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪಿಡುತ್ತದೆ.

3. ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ. ಲಡಿಗಳನ್ನು ಕೋಲಿನಿಂದ ಮಗುಚುತ್ತಲೇ ಇರಬೇಕು. ರಾತ್ರಿ ಅದರಲ್ಲೇ ಬಿಡಿ.

4. ಮರುದಿನ ಹಿಂಡಿ, 150 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ. ಇದು ಬಣ್ಣವನ್ನು ನೂಲಿಗೆ ಭದ್ರಪಡಿಸುತ್ತದೆ.

5. ಕೆಂಪು ಹೆಚ್ಚಬೇಕಾದರೆ ತಿಳಿಸುಣ್ಣದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಬೂದು ಅಥವಾ ಕಪ್ಪು ಬೇಕಾದರೆ ಬೇರೆ ಪಾತ್ರೆಯಲ್ಲಿ 20 ಗ್ರಾಂ ಅನ್ನಭೇದಿ ಕರಗಿಸಿ, ಹತ್ತು ನಿಮಿಷ ಮೀರದಂತೆ ಅದ್ದಿ. ತಕ್ಕಡಿಯಲ್ಲಿ ತೂಗಿಯೇ ಹಾಕಿ.

6. ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ತೊಳೆದ ನೀರನ್ನು ಹಳ್ಳಕ್ಕೂ ಬಾವಿಯ ಹತ್ತಿರಕ್ಕೂ ಬಿಡಬೇಡಿ.

ಬಣ್ಣ ನಿಲ್ಲುವುದೋ ಇಲ್ಲವೋ ತಿಳಿಯಲು ತುಂಡು ಬಟ್ಟೆಯ ಅರ್ಧವನ್ನು ರಟ್ಟಿನಿಂದ ಮುಚ್ಚಿ ವಾರವಿಡೀ ಬಿಸಿಲಿಗಿಡಿ. ಎರಡು ಅರ್ಧಗಳ ಅಂತರ ನೋಡಿದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಕಾಫಿ ಬೆಳೆಗಾರರೂ ಇದು ತಮಗಲ್ಲವೆಂದು ಪುಟ ತಿರುಗಿಸಬಾರದು. ತೋಟದ ನೆರಳಿಗಿರುವ ಹಲಸಿನ ಮರ ಬಿದ್ದಾಗ ಅದರ ತಿರುಳಿನ ಹೊಟ್ಟನ್ನು ಕುದಿಸಿದರೆ ಒಳ್ಳೆಯ ಹಳದಿ ಬರುತ್ತದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದಲೂ ಬಳಸಿದ ಬಣ್ಣವಿದು. ಮರ ಕೊಯ್ದಲ್ಲಿ ಹೊಟ್ಟನ್ನು ಸುಡದೆ ಚೀಲಕ್ಕೆ ತುಂಬಿಡಿ.

ಇದರಿಂದ ನಮಗೇನು?

ಚೊಗರು ಮಾರಿ ತೋಟದ ಸಾಲ ತೀರುತ್ತದೆಂದು ನಾವು ಹೇಳುವುದಿಲ್ಲ. ಲೆಕ್ಕ ಬರೆದು ನೋಡಿದಾಗ ಖರ್ಚೆಲ್ಲ ಸೌದೆಗೆ ಮತ್ತು ಕೈಕೆಲಸಕ್ಕೆ ಹೋಗಿತ್ತು. ಚೊಗರಿನ ಪಾಲು ಅಲ್ಪ. ಆದರೆ 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷಕ್ಕೂ ಮಿಕ್ಕ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಮಹಿಳೆಯರು. ಕೈಕೆಲಸಕ್ಕೆ ಹೋದ ಹಣ ಊರಿನ ಹೆಣ್ಣುಮಕ್ಕಳ ಕೈಗೇ ಬರುತ್ತದೆ. ಕೊಯ್ಲು ಮುಗಿದು ಕೂಲಿಯಿಲ್ಲದ ತಿಂಗಳುಗಳಲ್ಲಿ ಅದರ ಬೆಲೆ ಅವರಿಗೇ ಗೊತ್ತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ನಮ್ಮ ಬೆಳೆಯ ತಲೆಯ ಮೇಲೆ ಕತ್ತಿ ತೂಗುತ್ತಿದೆ. ವಾದ ನಡೆಯಲಿ. ಆದರೆ ಅಗಿದು ಉಗುಳುವುದೊಂದನ್ನೇ ನಂಬಿ ಕುಳಿತ ಬೆಳೆಗೆ ಇನ್ನೊಂದು ಊರುಗೋಲು ಬೇಡವೆ? ಬಣ್ಣ ಸಣ್ಣ ಊರುಗೋಲೇ ಇರಬಹುದು. ಹಿಡಿದು ನೋಡದೆ ಅದರ ಬಲ ತಿಳಿಯದು.

ಬಣ್ಣಗಾರರಿಗೆ ಬೇಕಾದುದು ಶುದ್ಧ ಚೊಗರು. ಹೊರಗಿನ ಪುಡಿಬಣ್ಣ ಬೆರೆತರೆ ಅದು ಅವರಿಗೆ ನಿರುಪಯೋಗಿ. ತೆಳು ಚೊಗರು ಬೇಗ ಹುಳಿತು ಬೂಷ್ಟು ಹಿಡಿಯುವುದರಿಂದ ಕಾಯಿಸಿ ಮಂದ ಮಾಡಿಯೇ ತುಂಬಿಡಬೇಕು. ಒಬ್ಬೊಬ್ಬರ ಡಬ್ಬಿ ಹುಡುಕಿಕೊಂಡು ಯಾರೂ ಬರುವುದಿಲ್ಲ. ಹತ್ತು ಮನೆಯದು ಒಂದೆಡೆ ಸೇರಿದರೆ ಬರುತ್ತಾರೆ. ಸಹಕಾರವೆಂದರೆ ಇದೇ ತಾನೆ?

ನಮ್ಮ ಮೂರನೆಯ ಪ್ರಯತ್ನದ ನೂಲು ಕಡಿಯಲಿಲ್ಲ. ಅದರಲ್ಲಿ ನಾಲ್ಕು ಪಂಚೆಗಳಾದವು, ಬೆಂದ ಅಡಿಕೆಯದೇ ಬಣ್ಣ. ಬರುವ ಕೊಯ್ಲಿಗೆ ಅವನ್ನೇ ಉಟ್ಟು ಅಂಗಳಕ್ಕೆ ಇಳಿಯುತ್ತೇವೆ. ಚೊಗರು ಸಿಡಿದರೂ ಮನೆಯಲ್ಲಿ ಬೈಗುಳವಿಲ್ಲ. ಶುದ್ಧ ಚೊಗರು ಉಳಿಸಬಲ್ಲ ಸದಸ್ಯರು ಕೊನೆಕೊಯ್ಲು ಮುಗಿಯುವ ಮುನ್ನ ಒಂದು ಸೀಸೆ ಮಾದರಿಯೊಡನೆ ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.