ಮುಂಗೈಗೆ ಬಿಡುವು ಕೊಡುವ ತಿರುಪುಳಿ

ಅಡಿಗೆಮನೆಯ ಕಪಾಟಿನ ಬಾಗಿಲು ಒಂದು ಕಡೆ ಜೋತುಬಿದ್ದಿದೆ. ಬಿಜಾಗರಿಯ ಎರಡು ತಿರುಪುಗಳು ಸಡಿಲ. ಮಗಳ ಓದುವ ಮೇಜು ಬಿಡಿಬಿಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದು ಮೂರು ದಿನವಾಯಿತು. ಬಚ್ಚಲುಮನೆಯ ಟವೆಲ್ ಸ್ಟ್ಯಾಂಡ್ ಅಲ್ಲಾಡುತ್ತಿದೆ. ಇಷ್ಟಕ್ಕೆಲ್ಲ ಬಡಗಿಯನ್ನು ಕರೆದರೆ ಆತ ಬರುವುದು ಅನುಮಾನ, ಬಂದರೂ ಕೂಲಿ ಕೆಲಸಕ್ಕಿಂತ ದೊಡ್ಡದು. ಹೀಗಾಗಿ ಈಗ ಎಷ್ಟೋ ಮನೆಗಳಲ್ಲಿ 'ಬ್ಯಾಟರಿ ಸ್ಕ್ರೂ ಡ್ರೈವರ್ ಒಂದನ್ನು ತಂದುಬಿಡೋಣ' ಎಂಬ ಮಾತು ಏಳುತ್ತದೆ.

ಅಂಗಡಿಗೆ ಹೋದರೆ ಸಾಲಾಗಿ ಕೂತ ಪೆಟ್ಟಿಗೆಗಳ ಮೇಲೆ 3.6 ವೋಲ್ಟ್, 4 ವೋಲ್ಟ್, 12 ವೋಲ್ಟ್, 20 ವೋಲ್ಟ್ ಎಂದು ದಪ್ಪ ಅಕ್ಷರಗಳು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಇಷ್ಟು ನ್ಯೂಟನ್ ಮೀಟರ್, ನಿಮಿಷಕ್ಕೆ ಇಷ್ಟು ಸುತ್ತು, ಇಷ್ಟು ಆಂಪಿಯರ್ ಗಂಟೆ. ಗಿರಾಕಿಯ ಕಣ್ಣು ಹೋಗುವುದು ದಪ್ಪ ಅಕ್ಷರಕ್ಕೆ. ಹೋಗಬೇಕಾದದ್ದು ಸಣ್ಣ ಅಕ್ಷರಕ್ಕೆ. ಹೈಸ್ಕೂಲು ವಿಜ್ಞಾನ ಓದುತ್ತಿರುವ ಮಗನೋ ಮಗಳೋ ಜೊತೆಗಿದ್ದರೆ ಆ ಸಣ್ಣ ಅಕ್ಷರಗಳ ಅರ್ಥ ಬಿಡಿಸುವುದು ಕಷ್ಟವೇನಲ್ಲ.

ಸುತ್ತಿಕೊಂಡ ಇಳಿಜಾರು

ತಿರುಪು ಎಂದರೆ ಕಂಬಿಯೊಂದಕ್ಕೆ ಸುತ್ತಿಕೊಂಡ ಇಳಿಜಾರು. ಕಾಗದವನ್ನು ಲಂಬಕೋನ ತ್ರಿಭುಜದ ಆಕಾರಕ್ಕೆ ಕತ್ತರಿಸಿ ಪೆನ್ಸಿಲಿಗೆ ಸುತ್ತಿ ನೋಡಿ. ಓರೆ ಅಂಚು ತಿರುಪಿನ ಥ್ರೆಡ್ಡಿನಂತೆಯೇ ಪೆನ್ಸಿಲನ್ನು ಬಳಸಿ ಏರಿಹೋಗುತ್ತದೆ. ಲಾರಿಗೆ ಪೀಪಾಯಿ ಏರಿಸುವಾಗ ಹಲಗೆ ಇಡುವುದರಿಂದ ಬಲ ಉಳಿಯುತ್ತದೆ, ಆದರೆ ದೂರ ಹೆಚ್ಚಾಗುತ್ತದೆ. ತಿರುಪಿನಲ್ಲೂ ಅದೇ ವ್ಯಾಪಾರ. ಮರದೊಳಗೆ 4 ಸೆಂಟಿಮೀಟರ್ ಇಳಿಯಲು ಅದು ಸುಮಾರು 15 ಸುತ್ತು ತಿರುಗಬೇಕು ಎಂದಿಟ್ಟುಕೊಳ್ಳಿ. ನಮ್ಮ ಮುಂಗೈ ಒಂದು ಸಲಕ್ಕೆ ಅರ್ಧ ಸುತ್ತು ತಿರುಗಿದರೆ ಹೆಚ್ಚು. ಹಿಡಿ, ತಿರುಗಿಸು, ಬಿಡು, ಮತ್ತೆ ಹಿಡಿ ಎಂದು ಒಂದು ತಿರುಪಿಗೆ ಮೂವತ್ತು ಸಲ. ಮೇಜಿಗೆ ಇಪ್ಪತ್ತು ತಿರುಪುಗಳಿದ್ದರೆ ಆರುನೂರು ಸಲ! ರಾತ್ರಿ ಅಂಗೈಯಲ್ಲಿ ಬೊಬ್ಬೆ ಏಳುವುದು ಈ ಕಾರಣಕ್ಕೆ.

ತಿರುಗಿಸುವ ಬಲದ ಪರಿಣಾಮಕ್ಕೆ ಟಾರ್ಕ್ ಎಂದು ಹೆಸರು. ಅದರ ಅಳತೆ ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಹಗುರವಾದ ಕೋಲನ್ನು ಅಡ್ಡಲಾಗಿ ಹಿಡಿದು ಅದರ ತುದಿಗೆ ಸುಮಾರು 100 ಗ್ರಾಂ ತೂಗುಹಾಕಿದರೆ ಹಿಡಿದ ಕೈಗೆ ತಟ್ಟುವ ತಿರುಚಾಟವೇ ಹೆಚ್ಚುಕಡಿಮೆ 1 ನ್ಯೂಟನ್ ಮೀಟರ್. ಸಾಧಾರಣ ತಿರುಪುಳಿಯನ್ನು ದೊಡ್ಡವರು ಗಟ್ಟಿಯಾಗಿ ತಿರುಗಿಸಿದಾಗ 3ರಿಂದ 5 ನ್ಯೂಟನ್ ಮೀಟರಿನಷ್ಟು ಟಾರ್ಕ್ ಸಿಗುತ್ತದೆ. ಈಗ ಅಂಗೈಯಗಲದ 3.6 ವೋಲ್ಟಿನ ಯಂತ್ರದ ಪೆಟ್ಟಿಗೆ ನೋಡಿ. ಅದರ ಮೇಲೂ 3ರಿಂದ 5ರ ನಡುವಿನ ಅಂಕಿಯೇ ಇರುತ್ತದೆ. ಅಂದರೆ ಈ ಪುಟ್ಟ ಯಂತ್ರ ನಮ್ಮ ಕೈಗಿಂತ ಬಲಶಾಲಿಯೇನಲ್ಲ! ಅದು ಉಳಿಸುವುದು ಬಲವನ್ನಲ್ಲ, ತಿರುಗಾಟವನ್ನು. ನಿಮಿಷಕ್ಕೆ 200 ಸುತ್ತಿನ ವೇಗದಲ್ಲಿ 15 ಸುತ್ತು ಮುಗಿಯಲು ಐದು ಸೆಕೆಂಡು ಸಾಕು.

ಇದು ತಿಳಿಯದೆ ಕೊಂಡವರೇ ಹೆಚ್ಚಾಗಿ ನಿರಾಶರಾಗುವವರು. ತೇಗಕ್ಕೋ ಹಲಸಿಗೋ ನೇರವಾಗಿ ತಿರುಪು ಇಟ್ಟು ಗುಂಡಿ ಒತ್ತಿದರೆ ಯಂತ್ರ ಅರ್ಧಕ್ಕೆ ನಿಂತು ಗೊರಗುಟ್ಟುತ್ತದೆ. ಅದು ಯಂತ್ರದ ದೋಷವಲ್ಲ. ಬಡಗಿಗಳು ಹಿಂದೆಯೂ ಗಟ್ಟಿ ಮರಕ್ಕೆ ಮೊದಲು ಬೈರಿಗೆಯಿಂದ ಸಣ್ಣ ತೂತು ಕೊರೆದು, ತಿರುಪಿಗೆ ಮೇಣದ ಬತ್ತಿ ಉಜ್ಜಿ, ಆಮೇಲೆ ಇಳಿಸುತ್ತಿದ್ದರು. ತೂತು ಜಾಗ ಬಿಟ್ಟುಕೊಡುತ್ತದೆ, ಮೇಣ ಘರ್ಷಣೆ ತಗ್ಗಿಸುತ್ತದೆ. ಬ್ಯಾಟರಿ ಬಂತೆಂದು ಆ ಉಪಾಯ ಹಳತಾಗಿಲ್ಲ.

ಇನ್ನೊಂದು ವಿಷಯ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಟಾರ್ಕ್ ಸಾಮಾನ್ಯವಾಗಿ ಗರಿಷ್ಠ ಅಂಕಿ, ಯಂತ್ರ ನಿಂತೇಬಿಡುವ ಹೊತ್ತಿನ ಅಂಕಿ. ಮರದಲ್ಲಿ ಮೆತ್ತಗೆ ಇಳಿಯುವಾಗ ಸಿಗುವುದು ಅದಕ್ಕಿಂತ ಕಡಿಮೆ. ಕೆಲವು ತಯಾರಕರು ಎರಡನ್ನೂ ಬೇರೆ ಬೇರೆ ಕೊಡುತ್ತಾರೆ. ಅಂಥವರನ್ನು ಹೆಚ್ಚು ನಂಬಬಹುದು.

ವೋಲ್ಟಿನ ಕಣ್ಕಟ್ಟು

3.6 ವೋಲ್ಟಿಗೂ 4 ವೋಲ್ಟಿಗೂ ಏನು ವ್ಯತ್ಯಾಸ? ಬಹುಮಟ್ಟಿಗೆ ಏನೂ ಇಲ್ಲ. ಎರಡರೊಳಗೂ ಇರುವುದು ಒಂದೇ ಒಂದು ಲಿಥಿಯಂ ಅಯಾನ್ ಕೋಶ. ಅದರ ಸರಾಸರಿ ವೋಲ್ಟೇಜು 3.6ರ ಸುಮಾರು, ಪೂರ್ತಿ ತುಂಬಿದ ಕ್ಷಣದಲ್ಲಿ 4ನ್ನು ಸ್ವಲ್ಪ ದಾಟುತ್ತದೆ. ಒಬ್ಬ ತಯಾರಕ ಸರಾಸರಿ ಹೇಳುತ್ತಾನೆ, ಇನ್ನೊಬ್ಬ ಶಿಖರ ಹೇಳುತ್ತಾನೆ. ಇದೇ ಲೆಕ್ಕದಲ್ಲಿ ಮೂರು ಕೋಶ ಸಾಲಾಗಿ ಜೋಡಿಸಿದ 10.8 ವೋಲ್ಟು '12' ಆಗುತ್ತದೆ, ಐದು ಕೋಶದ 18 ವೋಲ್ಟು '20' ಆಗುತ್ತದೆ. ಸುಳ್ಳೆನ್ನುವಂತಿಲ್ಲ, ನಿಜವೆಂದು ಒಪ್ಪಲು ಮನಸ್ಸು ಬರುವುದಿಲ್ಲ.

ಬ್ಯಾಟರಿ ಎಷ್ಟು ತಿರುಪಿಗೆ ಬಂದೀತು ಎಂಬುದನ್ನು ಮಕ್ಕಳಿಗೆ ಮನೆಲೆಕ್ಕವಾಗಿಯೇ ಕೊಡಬಹುದು. 3.6 ವೋಲ್ಟನ್ನು 1.5 ಆಂಪಿಯರ್ ಗಂಟೆಯಿಂದ ಗುಣಿಸಿದರೆ 5.4 ವಾಟ್ ಗಂಟೆ. ಅದನ್ನು 3600ರಿಂದ ಗುಣಿಸಿದರೆ 19,440 ಜೂಲ್. ಒಂದು ತಿರುಪಿಗೆ ಸರಾಸರಿ 1 ನ್ಯೂಟನ್ ಮೀಟರ್ ಟಾರ್ಕಿನಲ್ಲಿ 15 ಸುತ್ತು ಬೇಕಾದರೆ, ಪ್ರತಿ ಸುತ್ತಿಗೆ 2π ರೇಡಿಯನ್ ಆದ್ದರಿಂದ, ಕೆಲಸ ಸುಮಾರು 94 ಜೂಲ್. ಮೋಟಾರು ಮತ್ತು ಗೇರುಗಳು ಅರ್ಧವನ್ನು ಶಾಖವಾಗಿ ತಿಂದುಹಾಕುತ್ತವೆ ಎಂದಿಟ್ಟುಕೊಂಡರೂ ಸುಮಾರು ನೂರು ತಿರುಪುಗಳಾಗುತ್ತವೆ. ಮೇಜಿಗೆ ಬೇಕಾದದ್ದು ಇಪ್ಪತ್ತು ತಾನೆ? ಮನೆಗೆಲಸಕ್ಕೆ ಇದಕ್ಕಿಂತ ದೊಡ್ಡ ಬ್ಯಾಟರಿಗೆ ಹಣ ಸುರಿಯುವ ಕಾರಣವಿಲ್ಲ.

ತಂತಿಯಿಲ್ಲದ ಉಪಕರಣಗಳ ಕತೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ಹೊರತಂದ ಬ್ಯಾಟರಿ ಡ್ರಿಲ್ಲಿನಿಂದ ಶುರುವಾಗುತ್ತದೆ. ಇದನ್ನು ನಾಸಾ ಕಂಡುಹಿಡಿಯಿತೆಂದು ಹೇಳುವುದುಂಟು. ಅದು ತಿರುಗುಮುರುಗು, ಡ್ರಿಲ್ ಮೊದಲು, ನಾಸಾದ ಕೆಲಸ ಆಮೇಲೆ. ಜೆಮಿನಿ ಯೋಜನೆಗಾಗಿ ಅದೇ ಕಂಪನಿ ಒಂದು ವಿಶೇಷ ಸ್ಪ್ಯಾನರ್ ಯಂತ್ರ ತಯಾರಿಸಿಕೊಟ್ಟಿತು. ತೂಕವಿಲ್ಲದ ಸ್ಥಿತಿಯಲ್ಲಿ ಬೋಲ್ಟ್ ತಿರುಗಿಸಹೋದರೆ ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಗಗನಯಾತ್ರಿಯೇ ಎದುರು ದಿಕ್ಕಿಗೆ ತಿರುಗಿಬಿಡುತ್ತಾನಲ್ಲ! ಆ ತಿರುಚಾಟ ಕೈಗೆ ತಟ್ಟದಂತೆ ಅದನ್ನು ರೂಪಿಸಿದ್ದರು. 1971ರಲ್ಲಿ ಅಪೊಲೊ 15 ಚಂದ್ರನ ನೆಲ ಕೊರೆದದ್ದೂ ಬ್ಯಾಟರಿ ಡ್ರಿಲ್ಲಿನಿಂದಲೇ.

ಆದರೂ ದಶಕಗಳ ಕಾಲ ಇವು ಮನೆಗೆ ಒಗ್ಗಲಿಲ್ಲ. ಕಾರಣ ನಿಕಲ್ ಕ್ಯಾಡ್ಮಿಯಂ ಕೋಶ. ಸುಮ್ಮನೆ ಇಟ್ಟರೂ ಅದು ತಿಂಗಳಿಗೆ ಹತ್ತರಿಂದ ಇಪ್ಪತ್ತು ಭಾಗ ವಿದ್ಯುತ್ತನ್ನು ಕಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ದಿನಾ ಚಾರ್ಜ್ ಮಾಡುವವರಿಗೆ ತೊಂದರೆಯಿಲ್ಲ. ಆರು ತಿಂಗಳಿಗೊಮ್ಮೆ ಡ್ರಾಯರಿನಿಂದ ತೆಗೆಯುವ ಗೃಹಸ್ಥನಿಗೆ ಸಿಗುವುದು ಸತ್ತ ಯಂತ್ರ. ಲಿಥಿಯಂ ಅಯಾನ್ ಕೋಶವನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಕಳೆದುಕೊಳ್ಳುವುದು ತಿಂಗಳಿಗೆ ಕೆಲವೇ ಭಾಗ. ಜರ್ಮನಿಯ ಬಾಷ್ ಕಂಪನಿ 2003ರಲ್ಲಿ ಲಿಥಿಯಂ ಅಯಾನ್ ಕೋಶದ ಪುಟ್ಟ ತಿರುಪುಳಿಯನ್ನು ಇಕ್ಸೊ ಹೆಸರಿನಲ್ಲಿ ಬಿಟ್ಟ ಮೇಲೆಯೇ ಈ ಜಾತಿಯ ಯಂತ್ರ ಮನೆಮನೆಗೆ ಹರಡಿದ್ದು. (ಬೆಂಗಳೂರಿನ ಹಳಬರು ಮೈಕೊ ಎಂದು ಕರೆಯುವ ಕಾರ್ಖಾನೆಯ ಮಾತೃಸಂಸ್ಥೆ ಇದೇ ಬಾಷ್.) ಲಿಥಿಯಂ ಅಯಾನ್ ಕೋಶವನ್ನು ಸಾಧ್ಯವಾಗಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಕೋಶ ಎಷ್ಟೇ ಒಳ್ಳೆಯದಾದರೂ ಕೆಲವು ವರ್ಷಗಳಲ್ಲಿ ಮುಪ್ಪಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಇನ್ನೂ ಬೇಗ. ಪುಟ್ಟ ಯಂತ್ರಗಳಲ್ಲಿ ಕೋಶ ಒಳಗೇ ಕೂತಿರುವುದರಿಂದ ಅದು ಸತ್ತರೆ ಯಂತ್ರವೂ ಸತ್ತಂತೆ. ಬದಲಿಸಲು ಬರುವಂಥದು ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ತಲೆಗೆ ತಕ್ಕ ತುದಿ

ಯಂತ್ರಕ್ಕಿಂತ ಹೆಚ್ಚಾಗಿ ಕೆಲಸ ಕೆಡಿಸುವುದು ಅದರ ತುದಿಗೆ ಸಿಕ್ಕಿಸುವ ಬಿಟ್. ಅಡ್ಡಗೀರಿನ ತಿರುಪುಗಳು ನಮ್ಮ ಹಳೆಯ ಹಿತ್ತಾಳೆ ಬಿಜಾಗರಿಗಳಲ್ಲೂ ಸ್ವಿಚ್ ಬೋರ್ಡುಗಳಲ್ಲೂ ಇಂದಿಗೂ ಇವೆ. ಇವಕ್ಕೆ ಯಂತ್ರ ಬೇಡ, ಕೈಯೇ ಲೇಸು. ಬಿಟ್ಟನ್ನು ನಡುಮಧ್ಯೆ ಹಿಡಿದಿಡುವ ಯಾವುದೂ ಆ ಗೀರಿನಲ್ಲಿಲ್ಲ. ಯಂತ್ರ ತಿರುಗಿದೊಡನೆ ಪಕ್ಕಕ್ಕೆ ಜಾರಿ ಬಾಗಿಲಿನ ಪಾಲಿಷನ್ನು ಗೀರಿಹಾಕುತ್ತದೆ, ಇಲ್ಲವೇ ತಿರುಪು ಹಿಡಿದ ಬೆರಳನ್ನು.

ಈ ತೊಂದರೆ ನೀಗಿಸಿದ್ದು ಕೂಡುಗೀರಿನ ತಲೆ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕ್ಯಾಡಿಲಾಕ್ ಕಾರುಗಳ ಜೋಡಣೆಯಲ್ಲಿ ಅದು ಮೊದಲು ಬಳಕೆಗೆ ಬಂತು. ಅದರ ಗೀರುಗಳ ಗೋಡೆ ಓರೆಯಾಗಿರುತ್ತದೆ. ಹಾಗಾಗಿ ಟಾರ್ಕ್ ಏರಿದಂತೆ ಬಿಟ್ ಮೇಲಕ್ಕೆ ಉಬ್ಬಿ ಬರುತ್ತದೆ. ಹಿಂದಿನಿಂದ ಒತ್ತಿ ಹಿಡಿಯದಿದ್ದರೆ 'ಕರ್ರ್' ಎಂದು ತಲೆಯನ್ನೇ ತೇಯ್ದುಬಿಡುತ್ತದೆ. ಮೇಜು ಕಪಾಟುಗಳ ಪೆಟ್ಟಿಗೆಯಲ್ಲಿ ಬರುವ ಕೆಲವು ತಿರುಪುಗಳಲ್ಲಿ ಕೂಡುಗೀರಿನ ಸಂದಿನಲ್ಲಿ ನಾಲ್ಕು ನವಿರು ಗೆರೆಗಳು ಕಾಣುತ್ತವೆ. ಅದು ಪೋಜಿಡ್ರೈವ್ ಎಂಬ ಬೇರೆಯೇ ತಳಿ. ಅದಕ್ಕೆ ಪಿಎಚ್ ಗುರುತಿನ ಬಿಟ್ ಹಾಕಬಾರದು, ಪಿಜೆಡ್ ಗುರುತಿನದು ಬೇಕು. ನಲವತ್ತು ಬಿಟ್ಟುಗಳ ಹೊಳೆಯುವ ಡಬ್ಬಿಗಿಂತ ಗಟ್ಟಿ ಉಕ್ಕಿನ ನಾಲ್ಕೈದು ಬಿಟ್ಟುಗಳು ಮೇಲು. ಪಿಎಚ್ 1, ಪಿಎಚ್ 2, ಪಿಜೆಡ್ 2 ಮತ್ತು 4 ಮಿಲಿಮೀಟರಿನ ಅಲೆನ್ ಬಿಟ್ ಇದ್ದರೆ ಮನೆಯ ಮುಕ್ಕಾಲು ಕೆಲಸ ಮುಗಿಯುತ್ತದೆ. ಬಿಟ್ ಕೂರುವ ಕಾಲಿಂಚಿನ ಆರುಮೂಲೆಯ ಗುಳಿ ಎಲ್ಲ ತಯಾರಕರಲ್ಲೂ ಒಂದೇ.

ಕೊಳ್ಳುವಾಗ ಕ್ಲಚ್ ಇದೆಯೇ ಎಂದು ಕೇಳಿ. ಕುತ್ತಿಗೆಯ ಹತ್ತಿರ 1, 2, 3 ಎಂದು ಅಂಕಿ ಬರೆದ ಉಂಗುರವೇ ಅದು. ನಿಗದಿಯಾದ ಟಾರ್ಕ್ ತಲುಪಿದೊಡನೆ ಒಳಗಿನ ಗುಂಡುಗಳು ಕಟಕಟ ಎಂದು ಜಾರಿ ತಿರುಗುವಿಕೆ ನಿಲ್ಲುತ್ತದೆ. ಪಾರ್ಟಿಕಲ್ ಬೋರ್ಡ್ ಎಂದರೆ ಅಂಟಿನಲ್ಲಿ ಒತ್ತಿದ ಮರದ ಪುಡಿ; ಅದರಲ್ಲಿ ಅರ್ಧ ಸುತ್ತು ಹೆಚ್ಚಾದರೆ ಹಿಡಿತ ಕಳೆದು ತಿರುಪು ಸುಮ್ಮನೆ ಸುತ್ತತೊಡಗುತ್ತದೆ, ಆ ತೂತು ಮತ್ತೆ ಕೆಲಸಕ್ಕೆ ಬಾರದು. ಚಿಕ್ಕ ಅಂಕಿಯಿಂದ ಶುರುಮಾಡಿ ಏರಿಸುತ್ತ ಹೋಗಬೇಕು. ಕ್ಲಚ್ ಇಲ್ಲದಿದ್ದರೆ ಕೊನೆಯ ಎರಡು ಸುತ್ತು ಕೈಯಿಂದಲೇ. ಗುಂಡಿ ಒತ್ತದಿದ್ದಾಗ ಅಚ್ಚು ಬಿಗಿದುಕೊಳ್ಳುವ ಯಂತ್ರವಾದರೆ ಅದನ್ನೇ ಸಾದಾ ತಿರುಪುಳಿಯಂತೆ ಹಿಡಿದು ಬಿಗಿ ಮಾಡಬಹುದು.

ಮಕ್ಕಳ ಕೈಗೆ ಕೊಡುವ ಮುನ್ನ

'ಇನ್ನೂ ಸ್ವಲ್ಪ ಹಾಕಿ 12 ವೋಲ್ಟಿನದೇ ತಗೊಳ್ಳಿ ಸಾರ್, ಡ್ರಿಲ್ಲೂ ಆಗುತ್ತೆ' ಎಂದು ಅಂಗಡಿಯಾತ ಹೇಳುವುದು ವಾಡಿಕೆ. ಮಾತು ತಪ್ಪಲ್ಲ. ಅದರ ಟಾರ್ಕ್ 30 ನ್ಯೂಟನ್ ಮೀಟರಿನ ಆಸುಪಾಸು. ಗಟ್ಟಿ ಮರ, ತೆಳು ತಗಡು ಕೊರೆಯುತ್ತದೆ. ಆದರೆ ಮನೆಯಲ್ಲಿ ಏಳನೆಯ ಕ್ಲಾಸಿನ ಹುಡುಗಿಯೂ ಅದನ್ನು ಹಿಡಿಯುವವಳಿದ್ದರೆ ಗಗನಯಾತ್ರಿಯ ಪಾಡನ್ನು ನೆನೆಯಬೇಕು. ಬಿಟ್ ತಟ್ಟನೆ ಸಿಕ್ಕಿಕೊಂಡರೆ ಯಂತ್ರದ ಮೈ ಎದುರು ದಿಕ್ಕಿಗೆ ತಿರುಗುತ್ತದೆ. ಹಿಡಿ 12 ಸೆಂಟಿಮೀಟರ್ ದೂರದಲ್ಲಿದ್ದರೆ ಕೈಗೆ ಬೀಳುವ ಬಲ 30 ಭಾಗಿಸು 0.12, ಅಂದರೆ 250 ನ್ಯೂಟನ್. ಇಪ್ಪತ್ತೈದು ಕಿಲೊ ಅಕ್ಕಿಮೂಟೆ ಒಮ್ಮೆಗೇ ಮಣಿಕಟ್ಟಿಗೆ ಜೋತುಬಿದ್ದಂತೆ. ಅದೇ 4 ನ್ಯೂಟನ್ ಮೀಟರಿನ ಯಂತ್ರವಾದರೆ ಮೂರೂವರೆ ಕಿಲೊ ಕೂಡ ಆಗದು, ಹುಡುಗಿ ನಕ್ಕು ಸುಮ್ಮನಾಗುತ್ತಾಳೆ. ಕಲಿಯುವ ಕೈಗೆ ಪುಟ್ಟ ಯಂತ್ರವೇ ಸರಿ. ಜಡೆ, ದುಪಟ್ಟ, ಸಡಿಲ ತೋಳು ದೂರವಿರಲಿ. ಹುಡುಗರಿಗೇ ಕೊಟ್ಟು ಹುಡುಗಿಯರನ್ನು ದೀಪ ಹಿಡಿಯಲು ನಿಲ್ಲಿಸುವ ಪದ್ಧತಿಯಂತೂ ಬೇಡ.

ಗೋಡೆಗೆ ಪರದೆಯ ಸರಳು ಹಾಕಬೇಕಾದರೆ ಪುಟ್ಟ ಯಂತ್ರವೂ ಸಾಲದು, ಸಾದಾ 12 ವೋಲ್ಟಿನದೂ ಸಾಲದು. ಕಾಂಕ್ರೀಟನ್ನು ಬರೀ ತಿರುಗಿ ಕೊರೆಯಲಾಗದು, ತಟ್ಟಿ ತಟ್ಟಿ ಕೊರೆಯಬೇಕು. ಅದಕ್ಕೆ ಹ್ಯಾಮರ್ ಡ್ರಿಲ್ ಬೇರೆಯೇ ಇದೆ. ವರ್ಷಕ್ಕೊಮ್ಮೆಯ ಆ ಕೆಲಸಕ್ಕೆ ಅದನ್ನು ಬಾಡಿಗೆಗೋ ನೆಂಟರಿಂದಲೋ ತಂದರಾಯಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದು ತಪ್ಪು ತರ್ಕದಲ್ಲಿದೆ: 'ಬ್ಯಾಟರಿ ಬರೀ 3.6 ವೋಲ್ಟ್, ಶಾಕ್ ಹೊಡೆಯುವುದಿಲ್ಲ.' ಬ್ಯಾಟರಿ ಹೊಡೆಯುವುದಿಲ್ಲ, ನಿಜ. ಆದರೆ ಸ್ವಿಚ್ ಬೋರ್ಡಿನೊಳಗೆ ಕಾದಿರುವುದು 230 ವೋಲ್ಟ್. ಬಿಟ್ಟೂ ಅದರ ಅಚ್ಚೂ ಬರಿಯ ಉಕ್ಕು. ಇವಕ್ಕೆ ವಿದ್ಯುತ್ ನಿರೋಧಕ ಹೊದಿಕೆ ಇರುವುದಿಲ್ಲ. ಬೋರ್ಡ್ ಬಿಚ್ಚುವ ಮೊದಲು ಮೇನ್ ಆಫ್ ಮಾಡಬೇಕು, ಟೆಸ್ಟರಿನಿಂದ ನೋಡಬೇಕು. ಆ ಟೆಸ್ಟರು ನಂಬಿಕಸ್ಥವೇ ಎಂಬುದನ್ನು ವಿದ್ಯುತ್ ಇರುವ ಇನ್ನೊಂದು ಕಡೆ ಮೊದಲೇ ಪರೀಕ್ಷಿಸಿರಬೇಕು. ಬಿಚ್ಚಿದ ಮೇಲೂ 1000 ವೋಲ್ಟ್ ಗುರುತಿನ ಹಿಡಿಯುಳ್ಳ ಕೈ ತಿರುಪುಳಿಯೇ ಒಳ್ಳೆಯದು. ಯಂತ್ರದ ಬಿಗಿತಕ್ಕೆ ಬೇಕಲೈಟ್ ತಟ್ಟೆ ಸೀಳುವುದೂ ಉಂಟು.

ಕೊನೆಗೊಂದು ದಿನ ಚಾರ್ಜ್ ನಿಲ್ಲದಾಗುತ್ತದೆ, ಅಥವಾ ಮೈ ಉಬ್ಬಿದಂತೆ ಕಾಣುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಕುತೂಹಲದ ಹುಡುಗರು ಮೋಟಾರನ್ನೂ ಗ್ರಹಗಳಂತೆ ಸುತ್ತುವ ಗೇರುಗಳನ್ನೂ ಬಿಚ್ಚಿ ನೋಡಲಿ. ಮೋಟಾರಿನ ಸಾವಿರಾರು ಸುತ್ತುಗಳು ಎರಡು ಹಂತದಲ್ಲಿ ಇನ್ನೂರಕ್ಕಿಳಿದು ಟಾರ್ಕ್ ಆಗಿ ಬದಲಾಗುವ ಸೊಗಸು ಅಲ್ಲಿದೆ. ಆದರೆ ಅದಕ್ಕೆ ಮೊದಲು ದೊಡ್ಡವರೊಬ್ಬರು ಎದುರಿಗಿದ್ದು ಕೋಶವನ್ನು ಬೇರ್ಪಡಿಸಿರಬೇಕು. ಅದನ್ನು ಚುಚ್ಚಿದರೆ, ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದೊಂದಿಗೆ ಸೇರಿಸುವಂತಿಲ್ಲ. ಎರಡು ತುದಿಗಳಿಗೂ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಬೇರೆಯಾಗಿಯೇ ಕೊಡಬೇಕು.