ಪುರಸಭೆಯ ಬಜೆಟ್ಟಿನಲ್ಲಿ ನಿಮ್ಮ ಬೀದಿಯ ನಲ್ಲಿ

ಹಾಲಿಗಿಷ್ಟು, ದಿನಸಿಗಿಷ್ಟು, ಮಕ್ಕಳ ಫೀಜಿಗಿಷ್ಟು ಎಂದು ಸಂಬಳದ ದಿನವೇ ದುಡ್ಡು ಎತ್ತಿಡುವ ಗೃಹಿಣಿಗೆ ಬಜೆಟ್ ಹೊಸದೇನಲ್ಲ. ನಿಮ್ಮೂರ ಪುರಸಭೆ ಮಾಡುವುದೂ ಅದನ್ನೇ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆ ಲೆಕ್ಕಕ್ಕೆ ಆಯವ್ಯಯ ಎಂದು ಹೆಸರು, ಅಷ್ಟೇ.

ವರಮಾನ ಎಲ್ಲಿಂದ? ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆಗಳ ಬಾಡಿಗೆ. ಜೊತೆಗೆ ಸರ್ಕಾರದ ಅನುದಾನ. ಖರ್ಚು? ನೀರು, ಚರಂಡಿ, ಬೀದಿದೀಪ, ಕಸ ವಿಲೇವಾರಿ, ನೌಕರರ ಸಂಬಳ.

ನಲ್ಲಿ ಒಣಗಿದ ಮೇಲೆ ಖಾಲಿ ಕೊಡ ಹಿಡಿದು ಕಚೇರಿಗೆ ಹೋದರೆ, "ಈ ವರ್ಷ ಹಣ ಇಟ್ಟಿಲ್ಲಮ್ಮಾ" ಅಂದುಬಿಟ್ಟಾರು! ಆಯವ್ಯಯದಲ್ಲಿ ಸೇರದ ಕೆಲಸಕ್ಕೆ ಆಮೇಲೆ ಹಣ ಹೊಂದಿಸುವುದು ಕಷ್ಟ. ಆದ್ದರಿಂದ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ಕರೆಯುವ ಸಭೆಗೇ ಹೋಗಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಅರ್ಜಿ ಬರೆಯಿರಿ. ಒಂದು ಪ್ರತಿ ವಾರ್ಡಿನ ಸದಸ್ಯರಿಗೆ, ಒಂದು ಮುಖ್ಯಾಧಿಕಾರಿಗೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಲು ಮರೆಯಬೇಡಿ.

ಪುರಸಭೆ ಉಪವಿಧಿ, ಅಂದರೆ ಬೈಲಾ, ಮಾಡುವಾಗಲೂ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಆ ಗಡುವಿನೊಳಗೆ ಬರೆದು ಕೊಟ್ಟ ಮಾತಿಗೆ ತೂಕವುಂಟು.

"ಹೆಂಗಸರಿಗ್ಯಾಕೆ ಇದೆಲ್ಲ?" ಎನ್ನುವವರೂ ಇದ್ದಾರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಈ ಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಪಾಲು ಸ್ಥಾನವನ್ನು ಮಹಿಳೆಯರಿಗೇ ಮೀಸಲಿಟ್ಟಿದೆ. ನೀರಿಗಾಗಿ ರಾತ್ರಿ ಎದ್ದು ಕಾಯುವವಳೇ ಕೇಳದಿದ್ದರೆ ಇನ್ನಾರು ಕೇಳಬೇಕು?