ಸತ್ವಾದ ನಲ್ಲಿಯಲ್ಲಿ ನೀರಿದೆ, ಊರಿನ ಬಾವಿಯಲ್ಲಿ ಯಾಕಿಲ್ಲ?

ದುಬೈ: ಸತ್ವಾದ ರೂಮಿನಲ್ಲಿ ನಡುರಾತ್ರಿ ನಲ್ಲಿ ತಿರುಗಿಸಿದರೂ ನೀರು ಬರುತ್ತದೆ. ಅದೇ ರೂಮಿನಿಂದ ಮೇ ತಿಂಗಳಲ್ಲಿ ಊರಿಗೆ ಫೋನ್ ಮಾಡಿದರೆ ಎಷ್ಟೋ ಮಂದಿಗೆ ಕೇಳುವ ಮಾತು, "ಬಾವಿ ತಳ ಕಂಡಿದೆ, ಟ್ಯಾಂಕರ್‌ಗೆ ಹೇಳಿದ್ದೇವೆ." ದುಬೈಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ದಕ್ಷಿಣ ಕನ್ನಡದಲ್ಲಿ 3,500 ಮಿ.ಮೀ.ಗೂ ಜಾಸ್ತಿ. ಆದರೂ ನೀರಿಗೆ ತತ್ವಾರ ಊರಲ್ಲೇ. ಇದು ಹೇಗೆ?

ಇಲ್ಲಿ ನಲ್ಲಿಗೆ ಬರುವುದು ಮಳೆ ನೀರಲ್ಲ. ಜೆಬೆಲ್ ಅಲಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಪೈಪಿಗೆ ಬಿಡುತ್ತಾರೆ. ಅದಕ್ಕೆ ಅಪಾರ ಹಣ, ಇಂಧನ ಬೇಕು. ಊರಲ್ಲಿ ನೀರು ಕೂಡಿಟ್ಟು ಕೊಡುವ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಾ ಬಂದಿದ್ದು ಘಟ್ಟದ ಕಾಡು.

ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟುವ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುತ್ತದೆ. ಮಂಗಳೂರು ಪೇಟೆಗೆ ಕುಡಿಯುವ ನೀರು ಹೋಗುವುದು ಅಲ್ಲಿಂದಲೇ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಮತ್ತೆ ಬೇಸಿಗೆಯಲ್ಲಿ ಹೊಳೆ ಹರಿಯುವುದು ಹೇಗೆ? ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡು, ಅದರ ಸುತ್ತಲಿನ ಹುಲ್ಲುಗಾವಲು ಇದಕ್ಕೆ ಕಾರಣ. ಮರದ ಎಲೆ ಮಳೆಯ ಹೊಡೆತ ತಡೆಯುತ್ತದೆ, ತರಗೆಲೆ ಸ್ಪಂಜಿನ ಹಾಗೆ ಹೀರುತ್ತದೆ, ಬೇರು ಕೊರೆದ ದಾರಿಯಲ್ಲಿ ನೀರು ಒಳಗಿಳಿಯುತ್ತದೆ. ಆ ನೀರೇ ತಿಂಗಳುಗಟ್ಟಲೆ ಒಸರಾಗಿ ತೋಡಿಗೆ, ತೋಡಿನಿಂದ ಹೊಳೆಗೆ ಬರುತ್ತದೆ.

ಇಂಗಲು ಜಾಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಏಪ್ರಿಲ್ 16ರಂದು ದುಬೈಯವರು ಕಣ್ಣಾರೆ ಕಂಡಿದ್ದಾರೆ. ಆಕಾಶ ಕೊಟ್ಟ ನೀರೆಲ್ಲ ರಸ್ತೆ ಮೇಲೇ ನಿಂತಿತು. ಕಾಡು ಹೋದ ಗುಡ್ಡದಲ್ಲೂ ಹೀಗೆಯೇ. ನೀರು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ, ಬೇಸಿಗೆಗೆ ಏನೂ ಉಳಿಯುವುದಿಲ್ಲ.

ಹವಾಮಾನ ಬದಲಾವಣೆ ಇದನ್ನು ಇನ್ನಷ್ಟು ಕಠಿಣ ಮಾಡಿದೆ. ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಹಾಗಾಗಿ ಕೆಲವೇ ದಿನಗಳಲ್ಲಿ ಭಾರೀ ಮಳೆ, ನಡುವೆ ಉದ್ದದ ಬಿಸಿಲು. 2019ರಲ್ಲಿ ಎರಡೂ ಕಂಡವು. ಮೇ ತಿಂಗಳಲ್ಲಿ ಮಂಗಳೂರಿಗೆ ರೇಷನ್ ಲೆಕ್ಕದಲ್ಲಿ ನೀರು. ನೇತ್ರಾವತಿ ಬತ್ತಿದ್ದಕ್ಕೆ, ಧರ್ಮಸ್ಥಳ ಯಾತ್ರೆ ಮುಂದೂಡಿ ಎಂದು ಭಕ್ತರಲ್ಲಿ ಧರ್ಮಾಧಿಕಾರಿಗಳೇ ಕೇಳಿಕೊಂಡರು. ಅದೇ ಆಗಸ್ಟ್‌ನಲ್ಲಿ ಬೆಳ್ತಂಗಡಿಯಲ್ಲಿ ನೆರೆ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿತ.

ಕಾಡೊಂದೇ ಎಲ್ಲವನ್ನೂ ತಡೆಯಲಾರದು. ವಿಪರೀತ ಮಳೆಗೆ ಕಾಡಿರುವ ಗುಡ್ಡವೂ ಜರಿಯಬಹುದು. ಆದರೆ ಹೋದ ಶೋಲಾ ಕಾಡನ್ನು ಸಸಿ ನೆಟ್ಟು ಹತ್ತು ವರ್ಷದಲ್ಲಿ ಮರಳಿ ತರಲು ಆಗುವುದಿಲ್ಲ. ಇದ್ದದ್ದನ್ನು ಉಳಿಸುವುದೇ ಅಗ್ಗ.

ಮನೆ ಮಟ್ಟದಲ್ಲೂ ದಾರಿ ಇದೆ. ಇಲ್ಲಿ ದುಡಿದ ಹಣದಲ್ಲಿ ಇನ್ನೊಂದು ಬೋರ್‌ವೆಲ್ ಕೊರೆಸುವ ಮೊದಲು, ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಬಹುದು, ತೋಟದಲ್ಲಿ ಇಂಗುಗುಂಡಿ ತೋಡಿಸಬಹುದು. ಕಾಸರಗೋಡಿನ ಕಡೆ ಮಳೆಗಾಲ ಮುಗಿದ ಮೇಲೆ ಊರವರು ಸೇರಿ ತೋಡಿಗೆ ಹಾಕುವ 'ಕಟ್ಟ' ಸುತ್ತಲಿನ ಬಾವಿಗಳಿಗೆ ನೀರು ತರುತ್ತದೆ. ಬೋರ್ ಇರುವ ನೀರನ್ನು ಮೇಲೆ ತರುತ್ತದೆ, ಅಷ್ಟೇ. ಕೆಳಗೆ ನೀರು ಇಳಿಸುವ ಕೆಲಸ ಮಳೆಗಾಲದಲ್ಲೇ ಆಗಬೇಕು. ಮುಂದಿನ ಸಲ ಮನೆಗೆ ಫೋನ್ ಮಾಡುವಾಗ ಟ್ಯಾಂಕರ್ ಬಂತಾ ಎಂಬುದರ ಜೊತೆಗೆ, ಮಾಡಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದೂ ಕೇಳಿ.